ಬಿಸಿಲಿನ ಬಾಕಿ: ಗ್ಲಾಸ್ಗೋದ ಬಾಗಿದ ಮೂಳೆಗಳ ಕಥೆ

1888ರ ಏಪ್ರಿಲ್ ತಿಂಗಳು. ಗ್ಲಾಸ್ಗೋ ನಗರದ ರಾಟನ್‌ರೋ ಅನ್ನೋ ಏರು ಬೀದಿಯಲ್ಲಿದ್ದ ಹೆರಿಗೆ ಆಸ್ಪತ್ರೆಯಲ್ಲಿ ಒಬ್ಬ ಬಸುರಿ ಹೆಂಗಸು ನೋವು ತಿನ್ನುತ್ತಾ ಮಲಗಿದ್ದಳು. ಅವಳ ಎತ್ತರ ಸುಮಾರು ನಾಲ್ಕು ಅಡಿ. ಕಾಲುಗಳು ಬಾಗಿದ್ದವು. ಮಗು ಚೆನ್ನಾಗೇ ಬೆಳೆದಿತ್ತು, ಆದರೆ ಅದು ಹೊರಗೆ ಬರೋದಕ್ಕೆ ದಾರಿ ಇರಲಿಲ್ಲ. ಅವಳ ಪೆಲ್ವಿಸ್, ಅಂದ್ರೆ ಸೊಂಟದ ಮೂಳೆಯ ಚೌಕಟ್ಟು, ಚಿಕ್ಕಂದಿನಲ್ಲೇ ಚಪ್ಪಟೆಯಾಗಿ ಕುಗ್ಗಿಹೋಗಿತ್ತು. ಆ ಕಾಲದಲ್ಲಿ ಇಂಥ ಹೆರಿಗೆಗೆ ವೈದ್ಯರ ಹತ್ತಿರ ಸಾಮಾನ್ಯವಾಗಿ ಇದ್ದದ್ದು ಒಂದೇ ಉಪಾಯ: ಮಗುವನ್ನು ಒಳಗೇ ಕೊಂದು ತುಂಡಾಗಿ ಹೊರತೆಗೆದು ತಾಯಿಯನ್ನು ಉಳಿಸಿಕೊಳ್ಳೋದು. ಹೊಟ್ಟೆ ಕೊಯ್ದರೆ ತಾಯಿ ಉಳಿಯೋದು ಅಪರೂಪ. ಡಾಕ್ಟರ್ ಮರ್ಡಾಕ್ ಕ್ಯಾಮರಾನ್ ಕೊಯ್ಯುವ ಧೈರ್ಯ ಮಾಡಿದರು. ಕ್ರಿಮಿನಾಶಕಗಳು ಬಂದಿದ್ದವು, ಗರ್ಭಕೋಶಕ್ಕೆ ಸರಿಯಾಗಿ ಹೊಲಿಗೆ ಹಾಕುವ ವಿಧಾನವನ್ನು 1882ರಲ್ಲಿ ಜರ್ಮನಿಯ ಮ್ಯಾಕ್ಸ್ ಝೆಂಗರ್ ತೋರಿಸಿಕೊಟ್ಟಿದ್ದ. ತಾಯಿ ಉಳಿದಳು, ಮಗನೂ ಉಳಿದ. ಮಗುವಿಗೆ ಸೀಸರ್ ಕ್ಯಾಮರಾನ್ ಅಂತಾನೇ ಹೆಸರಿಟ್ಟರು.

ಆ ಆಸ್ಪತ್ರೆ ಈಗಿಲ್ಲ. ಅದರ ಜಾಗದಲ್ಲಿ ವಿಶ್ವವಿದ್ಯಾಲಯದ ಒಂದು ಉದ್ಯಾನವಿದೆ, ಮಧ್ಯೆ ಆಳೆತ್ತರಕ್ಕಿಂತ ದೊಡ್ಡದಾದ ಒಂದು ಪಿನ್ನಿನ ಶಿಲ್ಪ, ಹಿಂದೆ ಮಕ್ಕಳ ಲಂಗೋಟಿಗೆ ಚುಚ್ಚುತ್ತಿದ್ದರಲ್ಲ, ಅಂಥದ್ದು. ಗ್ಲಾಸ್ಗೋಗೆ ಬಂದ್ರೆ ನೋಡಿ.

ಸಿಸೇರಿಯನ್ ಚರಿತ್ರೆ ಬರೆಯುವವರೆಲ್ಲ ಈ ಆಪರೇಷನ್ನನ್ನು ಶಸ್ತ್ರಚಿಕಿತ್ಸೆಯ ಗೆಲುವು ಅಂತ ಹೇಳ್ತಾರೆ. ನಿಜವೇ. ಆದರೆ ನಾನು ಹೊಟ್ಟೆಪಾಡಿಗೆ ಮಾಡೋ ಕೆಲಸ ಡೇಟಾ ಸೈನ್ಸ್, ಆದ್ದರಿಂದ ನನ್ನ ತಲೆ ಬೇರೆ ಕಡೆ ಓಡುತ್ತೆ. ಆ ಹೆಂಗಸಿನ ಕಾಯಿಲೆ ಶುರುವಾಗಿದ್ದು ಅವಳಿಗೆ ಒಂದೋ ಎರಡೋ ವರ್ಷ ಇದ್ದಾಗ. ಅದರ ಬಿಲ್ ಬಂದದ್ದು ಇಪ್ಪತ್ತೈದು ವರ್ಷದ ನಂತರ, ಬೇರೆ ಆಸ್ಪತ್ರೆಯಲ್ಲಿ, ಬೇರೆ ಡಾಕ್ಟರ ಹತ್ತಿರ, ಬೇರೆ ರಿಜಿಸ್ಟರಿನಲ್ಲಿ. ಕಾರಣ ಒಂದು ಟೇಬಲ್ಲಿನಲ್ಲಿ, ಪರಿಣಾಮ ಇನ್ನೊಂದು ಟೇಬಲ್ಲಿನಲ್ಲಿ, ನಡುವೆ ಎರಡನ್ನೂ ಜೋಡಿಸುವ ಯಾವ ಕೀಲಿಯೂ ಇಲ್ಲ. ರಿಕೆಟ್ಸ್ ಚರಿತ್ರೆ ಇಷ್ಟು ಗೋಜಲಾಗಿರೋದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ.

ಮೊದಲು ಮೂಳೆಯ ವಿಷಯ ಸ್ವಲ್ಪ ನೋಡೋಣ. ಬೆಳೆಯೋ ಮಗುವಿನ ಉದ್ದ ಮೂಳೆಗಳ ತುದಿಯಲ್ಲಿ ಗ್ರೋತ್ ಪ್ಲೇಟ್ ಅನ್ನೋ ಒಂದು ಪದರ ಇರುತ್ತೆ. ಅಲ್ಲಿ ಮೊದಲು ಹುಟ್ಟೋದು ಗಟ್ಟಿ ಮೂಳೆ ಅಲ್ಲ, ನಮ್ಮ ಕಿವಿಯ ಹಾಗೆ ಬಾಗುವ ಮೃದ್ವಸ್ಥಿ. ಆಮೇಲೆ ಅದರೊಳಗೆ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ತುಂಬಿಕೊಂಡು ಗಟ್ಟಿಯಾಗುತ್ತೆ. ಸೆಂಟರಿಂಗ್ ಕಟ್ಟಿ ಕಾಂಕ್ರೀಟ್ ಸುರಿಯೋ ಹಾಗೆ ಅಂದುಕೊಳ್ಳಿ. ವಿಟಮಿನ್ ಡಿ ಇಲ್ಲದಿದ್ದರೆ ಸೆಂಟರಿಂಗ್ ಕಟ್ಟೋ ಕೆಲಸ ನಡೆಯುತ್ತಲೇ ಇರುತ್ತೆ, ಕಾಂಕ್ರೀಟ್ ಮಾತ್ರ ಬರೋದಿಲ್ಲ. ಊಟದಲ್ಲಿರುವ ಕ್ಯಾಲ್ಸಿಯಂನಲ್ಲಿ ನೂರಕ್ಕೆ 10-15 ಭಾಗ ಮಾತ್ರ ಕರುಳು ಹೀರಿಕೊಳ್ಳುತ್ತೆ. ವಿಟಮಿನ್ ಡಿ ಸಾಕಷ್ಟಿದ್ದರೆ ಅದು 30-40 ಆಗುತ್ತೆ. ಹಾಗಾಗಿ ಮಣಿಕಟ್ಟು ದಪ್ಪವಾಗುತ್ತೆ, ಪಕ್ಕೆಲುಬಿನ ತುದಿಗಳು ಜಪಮಣಿಯ ಹಾಗೆ ಉಬ್ಬುತ್ತವೆ. ಮಗು ಎದ್ದು ನಿಂತ ದಿನ ಮೈಭಾರಕ್ಕೆ ಕಾಲು ಬಾಗುತ್ತೆ.

"ನಾವು ರಾಗಿ ತಿಂದು ಬೆಳೆದವರು, ನಮಗೇನು" ಅಂತ ಕೇಳಬಹುದು ನೀವು. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಹತ್ತಿರ ಕ್ಯಾಲ್ಸಿಯಂ ಇರೋದು ನಿಜ. ಆದರೆ ಲಾರಿ ತುಂಬ ಸಿಮೆಂಟ್ ಬಂದು ಗೇಟ್ ಹೊರಗೆ ನಿಂತರೆ ಮನೆ ಏಳೋದಿಲ್ಲವಲ್ಲ. ಗೇಟ್ ತೆಗೆಯೋದು ವಿಟಮಿನ್ ಡಿ. ಅದರ ಬಹುಪಾಲು ಬರೋದು ಊಟದಿಂದ ಅಲ್ಲ, ಚರ್ಮದ ಮೇಲೆ ಬೀಳೋ ಬಿಸಿಲಿನ ನೇರಳಾತೀತ ಕಿರಣದಿಂದ.

ಗ್ರೋತ್ ಪ್ಲೇಟ್ ತೆರೆದಿರುವಾಗ ಚಿಕಿತ್ಸೆ ಸಿಕ್ಕರೆ ಪುಟ್ಟ ಮಕ್ಕಳ ಬಾಗಿದ ಕಾಲು ಬಹಳಷ್ಟು ತಾನೇ ನೆಟ್ಟಗಾಗುತ್ತೆ. ಸಿಗದಿದ್ದರೆ? ಹದಿಹರೆಯ ಮುಗಿಯುವ ಹೊತ್ತಿಗೆ ಪ್ಲೇಟುಗಳು ಮುಚ್ಚುತ್ತವೆ, ಆಗ ಯಾವ ಆಕಾರದಲ್ಲಿ ಇರುತ್ತೋ ಅದೇ ಆಕಾರದಲ್ಲಿ ಮೂಳೆ ಗಟ್ಟಿಯಾಗುತ್ತೆ. ಆಮೇಲೆ ಎಷ್ಟು ಬಿಸಿಲು ಕಾಯಿಸಿದರೂ ಮೂಳೆ ಬಲವಾಗಬಹುದು, ಆಕಾರ ಮಾತ್ರ ತಿರುಗಿ ಬರೋದಿಲ್ಲ. ಮೊಣಕಾಲಿನ ಒಂದೇ ಪಕ್ಕಕ್ಕೆ ಭಾರ ಬಿದ್ದು ಕೀಲು ಸವೆಯುತ್ತೆ. ಹೆಣ್ಣುಮಕ್ಕಳಲ್ಲಿ ಪೆಲ್ವಿಸ್ ಕುಗ್ಗಿದ್ದರೆ ಅದು ಹೊರಗೆ ಯಾರಿಗೂ ಕಾಣೋದಿಲ್ಲ, ಮೊದಲ ಹೆರಿಗೆಯ ದಿನದವರೆಗೂ.

ಗ್ಲಾಸ್ಗೋದಲ್ಲಿ ಇಂಥವರು ಎಷ್ಟು ಜನ ಇದ್ದರು ಅನ್ನೋದಕ್ಕೆ ಇನ್ನೊಂದು ಸುಳಿವಿದೆ. ಅದೇ ಊರಿನ ರಾಯಲ್ ಇನ್‌ಫರ್ಮರಿಯಲ್ಲಿ ವಿಲಿಯಂ ಮ್ಯಾಕ್‌ಇವನ್ ಅನ್ನೋ ಸರ್ಜನ್ ಇದ್ದರು. ಬಾಗಿದ ಕಾಲಿನ ಮೂಳೆಯನ್ನು ಉಳಿಯಿಂದ ಕಡಿದು, ನೆಟ್ಟಗೆ ಕೂರಿಸಿ, ಮತ್ತೆ ಕೂಡಿಕೊಳ್ಳೋ ಹಾಗೆ ಮಾಡೋದರಲ್ಲಿ ಹೆಸರಾದವರು. ಎಷ್ಟೊಂದು ಕಾಲುಗಳನ್ನು ಹೀಗೆ ನೆಟ್ಟಗೆ ಮಾಡಿದ್ದರು ಅಂದ್ರೆ, 1880ರಲ್ಲಿ ಆ ಒಂದೇ ಶಸ್ತ್ರಚಿಕಿತ್ಸೆಯ ಮೇಲೆ ಒಂದು ಪುಸ್ತಕವನ್ನೇ ಬರೆದರು. ಒಂದು ಆಸ್ಪತ್ರೆ ಕಾಲು ಕಡಿದು ಸರಿ ಮಾಡ್ತಿತ್ತು, ಇನ್ನೊಂದು ಹೊಟ್ಟೆ ಕೊಯ್ದು ಮಗು ತೆಗೀತಿತ್ತು. ಎರಡೂ ಒಂದೇ ಕಾಯಿಲೆಯ ಫಲ.

ಇಂಗ್ಲೆಂಡಿನವರಿಗೆ ಈ ಕಾಯಿಲೆ ಹೊಸದೇನಲ್ಲ. 1645ರಲ್ಲಿ ಡೇನಿಯಲ್ ವಿಸ್ಲರ್ ಲೈಡನ್ನಿನಲ್ಲಿ ಇದರ ಮೇಲೆ ಪ್ರಬಂಧ ಬರೆದ, 1650ರಲ್ಲಿ ಫ್ರಾನ್ಸಿಸ್ ಗ್ಲಿಸನ್ ಲ್ಯಾಟಿನ್‌ನಲ್ಲಿ ದೊಡ್ಡ ಪುಸ್ತಕ ಬರೆದ. ಯುರೋಪಿನವರು ಇದನ್ನು 'ಇಂಗ್ಲಿಷ್ ಕಾಯಿಲೆ' ಅಂತಲೇ ಕರೀತಿದ್ರು. ನನಗೆ ಇವರಿಬ್ಬರಿಗಿಂತ ಹತ್ತಿರದವನು ಜಾನ್ ಗ್ರಾಂಟ್. ಅವನು ಡಾಕ್ಟರ್ ಅಲ್ಲ, ಲಂಡನ್ನಿನ ಬಟ್ಟೆ-ಬಿಡಿಸರಕಿನ ವ್ಯಾಪಾರಿ. ಚರ್ಚುಗಳ ಗುಮಾಸ್ತರು ವಾರವಾರವೂ ಹೊರಡಿಸುತ್ತಿದ್ದ ಸಾವಿನ ಪಟ್ಟಿಗಳನ್ನು ಗುಡ್ಡೆ ಹಾಕಿಕೊಂಡು ಲೆಕ್ಕಕ್ಕೆ ಕೂತವನು. 1662ರಲ್ಲಿ ಅವನು ಬರೆದ ಪುಸ್ತಕದಲ್ಲಿ ರಿಕೆಟ್ಸ್ ಬಗ್ಗೆ ಒಂದು ಮಾತಿದೆ: ಈ ಹೆಸರು ಪಟ್ಟಿಯಲ್ಲಿ ಮೊದಲು ಕಾಣಿಸೋದು 1634ರಲ್ಲಿ, ಆ ಇಡೀ ವರ್ಷ 14 ಸಾವು. ಅಲ್ಲಿಂದ ಮುಂದೆ ಏರುತ್ತಾ ಹೋಗುತ್ತೆ. ಗ್ರಾಂಟ್ ಅಲ್ಲಿಗೇ ನಿಲ್ಲಲಿಲ್ಲ, ಇವತ್ತಿಗೂ ನಮ್ಮಂಥವರು ಕೇಳಬೇಕಾದ ಪ್ರಶ್ನೆ ಕೇಳಿದ: ಇದು ನಿಜವಾಗಿ ಹೊಸ ಕಾಯಿಲೆಯೋ, ಅಥವಾ ಹಳೇ ಕಾಯಿಲೆಗೆ ಹೊಸ ಲೇಬಲ್ಲೋ? 'ಯಕೃತ್ತು ಬೆಳೆದದ್ದು' ಅನ್ನೋ ಹಳೇ ಕಾಲಂ ತೆಗೆದು ಪಕ್ಕಪಕ್ಕ ಇಟ್ಟು ನೋಡಿ, ಇದು ಹೊಸದೇ ಅನ್ನೋ ತೀರ್ಮಾನಕ್ಕೆ ಬಂದ. ಸಾವಿನ ಕಾರಣ ಬರೆಸುತ್ತಿದ್ದವರು ಮನೆಮನೆಗೆ ಹೋಗಿ ಹೆಣ ನೋಡುತ್ತಿದ್ದ ಮುದುಕಿಯರು ಅನ್ನೋದನ್ನು ಮರೀಬೇಡಿ. ಅಂಥ ಡೇಟಾ ಇಟ್ಟುಕೊಂಡು ಇಷ್ಟು ಎಚ್ಚರದಿಂದ ಯೋಚಿಸಿದ್ದ.

ಆಮೇಲೆ ಬಂತು ಕಲ್ಲಿದ್ದಲಿನ ಯುಗ. ಕಾರ್ಖಾನೆ, ಹೊಗೆ, ಆರಡಿ ಓಣಿಯ ಎರಡೂ ಕಡೆ ನಾಲ್ಕಂತಸ್ತಿನ ಮನೆಗಳು. ಗ್ಲಾಸ್ಗೋ ಇರೋದು 56ನೇ ಅಕ್ಷಾಂಶದ ಹತ್ತಿರ. ಅಕ್ಟೋಬರಿನಿಂದ ಮಾರ್ಚ್‌ವರೆಗೆ ಸೂರ್ಯ ಎಷ್ಟು ಕೆಳಗಿರ್ತಾನೆ ಅಂದ್ರೆ ಚರ್ಮದಲ್ಲಿ ವಿಟಮಿನ್ ಡಿ ಹುಟ್ಟಿಸೋ ಕಿರಣ ನೆಲ ಮುಟ್ಟೋದೇ ಇಲ್ಲ ಅನ್ನಬಹುದು. ಉಳಿದ ಆರು ತಿಂಗಳ ಬಿಸಿಲನ್ನು ಹೊಗೆ ತಿನ್ನುತ್ತಿತ್ತು. 1889ರಲ್ಲಿ ಬ್ರಿಟಿಷ್ ಮೆಡಿಕಲ್ ಅಸೋಸಿಯೇಷನ್ ದೇಶದ ಡಾಕ್ಟರುಗಳನ್ನೆಲ್ಲ ವಿಚಾರಿಸಿ ರಿಕೆಟ್ಸ್ ಎಲ್ಲಿದೆ ಅಂತ ನಕ್ಷೆ ಮಾಡಿಸಿತು. ಕಾರ್ಖಾನೆ ಊರುಗಳೆಲ್ಲ ಗುರುತಾಗಿದ್ದವು, ಹಳ್ಳಿಗಾಡು ಬಹುಪಾಲು ಖಾಲಿ.

ಆ ನಕ್ಷೆ ನೋಡಿದವರಲ್ಲಿ ಒಬ್ಬರು ಥಿಯೋಬಾಲ್ಡ್ ಪಾಮ್. ಈ ಮನುಷ್ಯನ ಹೆಸರು ನಿಮಗೆ ಗೊತ್ತಿರಲಾರದು, ಗೊತ್ತಿರಬೇಕಿತ್ತು. ಜಪಾನಿನ ನಿಗಾಟಾದಲ್ಲಿ ಮಿಷನರಿ ಡಾಕ್ಟರಾಗಿದ್ದು, ವಾಪಸ್ ಬಂದು ಇಂಗ್ಲೆಂಡಿನ ಉತ್ತರದ ಕಂಬರ್ಲೆಂಡಿನಲ್ಲಿ ಪ್ರಾಕ್ಟೀಸ್ ಶುರು ಮಾಡಿದವರು. ಜಪಾನಿನಲ್ಲಿ ಕಾಣದಿದ್ದ ರಿಕೆಟ್ಸ್ ಇಲ್ಲಿ ಎಲ್ಲೆಲ್ಲೂ. ಯಾಕೆ? ಅವರು ಏಷ್ಯಾದ ಬೇರೆ ಬೇರೆ ಕಡೆ ಇದ್ದ ಮಿಷನರಿ ಡಾಕ್ಟರುಗಳಿಗೆ ಕಾಗದ ಬರೆದು ಕೇಳಿದರು: ನಿಮ್ಮಲ್ಲಿ ರಿಕೆಟ್ಸ್ ಇದೆಯಾ? ಬಂದ ಉತ್ತರಗಳನ್ನೆಲ್ಲ ಜೋಡಿಸಿದಾಗ, ಬಡತನ, ಕೊಳಕು, ಕೆಟ್ಟ ಊಟ ಇದ್ದ ಊರುಗಳಲ್ಲೂ ಬಿಸಿಲಿದ್ದರೆ ರಿಕೆಟ್ಸ್ ಇಲ್ಲ ಅನ್ನೋದು ಕಂಡಿತು. 1890ರಲ್ಲಿ ಬರೆದರು: ಕಾರಣ ಬಿಸಿಲಿನ ಕೊರತೆ. ಮಕ್ಕಳಿಗೆ ಬಿಸಿಲು ಸ್ನಾನ ಮಾಡಿಸಿ, ಊರೂರಿನಲ್ಲಿ ಬಿಸಿಲಿನ ಶಾಖವನ್ನಲ್ಲ, ಅದರ ರಾಸಾಯನಿಕ ಶಕ್ತಿಯನ್ನು ಅಳೆಯುವ ಉಪಕರಣ ಇಡಿ ಅಂತಲೂ ಸೂಚಿಸಿದರು. ವಿಟಮಿನ್ ಅನ್ನೋ ಪದ ಹುಟ್ಟೋಕೆ ಇನ್ನೂ ಇಪ್ಪತ್ತೆರಡು ವರ್ಷ ಇತ್ತು. ಅಂಚೆ ಚೀಟಿಯ ಖರ್ಚಿನಲ್ಲಿ ಮಾಡಿದ ಈ ಸರ್ವೇಗೆ ಯಾರೂ ಹೆಚ್ಚು ಗಮನ ಕೊಡಲಿಲ್ಲ. ಇದಕ್ಕೂ ಮೊದಲು, 1822ರಲ್ಲೇ, ಪೋಲೆಂಡಿನ ಯೆಂಜೇಯ್ ಶ್ನಿಯಾಡೆಟ್ಸ್ಕಿ ನಗರದ ಮಕ್ಕಳನ್ನೂ ಹಳ್ಳಿಯ ಮಕ್ಕಳನ್ನೂ ಹೋಲಿಸಿ ಬಿಸಿಲಿಗೆ ಒಯ್ಯಿರಿ ಅಂದಿದ್ದ. ಅದೂ ಹಾಗೇ ಮೂಲೆಗೆ ಬಿತ್ತು.

ನಂತರದ ಮೂವತ್ತು ವರ್ಷ ಜಗಳದಲ್ಲಿ ಕಳೆಯಿತು. ಗ್ಲಾಸ್ಗೋದ ಲೆನರ್ಡ್ ಫಿಂಡ್ಲೆ 1908ರಲ್ಲಿ ನಾಯಿಮರಿಗಳನ್ನು ಕೂಡಿಹಾಕಿ ನೋಡಿದರು. ಓಡಾಡದ ಮರಿಗಳಿಗೆ ರಿಕೆಟ್ಸ್ ಬಂತು. ಹಾಗಾದ್ರೆ ಕಾರಣ ವ್ಯಾಯಾಮ ಇಲ್ಲದಿರೋದು ಅಂದರು. ಲಂಡನ್ನಿನ ಎಡ್ವರ್ಡ್ ಮೆಲನ್ಬಿ 1919ರಲ್ಲಿ ಒಳಗೇ ಸಾಕಿದ ನಾಯಿಮರಿಗಳಿಗೆ ಓಟ್ಸ್ ತಿನ್ನಿಸಿ ರಿಕೆಟ್ಸ್ ಬರಿಸಿ, ಕಾಡ್ ಮೀನಿನ ಎಣ್ಣೆ ಕೊಟ್ಟು ವಾಸಿ ಮಾಡಿದರು. ಹಾಗಾದ್ರೆ ಕಾರಣ ಊಟ ಅಂದರು. ಅದೇ ವರ್ಷ ಬರ್ಲಿನ್ನಿನ ಕುರ್ಟ್ ಹುಲ್ಡ್‌ಶಿನ್ಸ್ಕಿ ಮಕ್ಕಳ ಮೇಲೆ ನೇರಳಾತೀತ ದೀಪ ಹಾಯಿಸಿ ವಾಸಿ ಮಾಡಿದರು. ಒಂದು ಕೈಗೆ ಮಾತ್ರ ಬೆಳಕು ಬಿಟ್ಟರೂ ಇನ್ನೊಂದು ಕೈಯ ಮೂಳೆಯೂ ಗಟ್ಟಿಯಾಗ್ತಿತ್ತು. ಅಂದ್ರೆ ಚರ್ಮದಲ್ಲಿ ಏನೋ ತಯಾರಾಗಿ ರಕ್ತದಲ್ಲಿ ಹರಿದು ಹೋಗ್ತಿದೆ! ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಪ್ರಯೋಗ ಇದು.

ಈ ಜಗಳದಲ್ಲಿ ನನಗೆ ಬೇಸರ ತರಿಸೋದು ಗ್ಲಾಸ್ಗೋ ಬಣದ ಒಂದು ಮಾತು. ನೋಯೆಲ್ ಪೇಟನ್ ಮತ್ತು ಫಿಂಡ್ಲೆ 1926ರಲ್ಲಿ ಹೊರತಂದ ವರದಿಯಲ್ಲಿ ಬಡ ಮಕ್ಕಳು ಸರಿಯಾಗಿ ಬೆಳೆಯದಿರೋದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು 'ತಾಯಿಯ ದಕ್ಷತೆ' ಅಂತ ಬರೆದರು. ಒಂದೇ ಕೋಣೆಯಲ್ಲಿ ಐದಾರು ಮಕ್ಕಳನ್ನು ಇಟ್ಟುಕೊಂಡು, ಬಟ್ಟೆ ಒಗೆದು ಬದುಕುವ ಹೆಂಗಸಿನ ದಕ್ಷತೆಗೆ ಅಂಕ ಕೊಟ್ಟವರು ಇವರು. ಆ ಹೆಂಗಸಿಗೇ ಚಿಕ್ಕಂದಿನಲ್ಲಿ ರಿಕೆಟ್ಸ್ ಆಗಿ ಕಾಲು ಬಾಗಿದ್ದರೆ, ನಾಲ್ಕಂತಸ್ತಿನ ಮೆಟ್ಟಿಲು ಇಳಿದು ಮಗುವನ್ನು ಹೊರಗೆ ಎತ್ತಿಕೊಂಡು ಹೋಗೋದು ಎಷ್ಟು ಕಷ್ಟ? ಅದು ಯಾವ ಕಾಲಂನಲ್ಲೂ ಇಲ್ಲ.

ಜಗಳ ತೀರಿಸಿದವರು ವಿಯೆನ್ನಾಗೆ ಹೋಗಿದ್ದ ಹ್ಯಾರಿಯೆಟ್ ಚಿಕ್ ಮತ್ತು ಅವರ ಸಂಗಡಿಗರು, ಎಲ್ಲ ಹೆಂಗಸರೇ ಹೆಚ್ಚಾಗಿದ್ದ ತಂಡ. ಮೊದಲ ಮಹಾಯುದ್ಧ ಮುಗಿದು ಊರಿಗೆ ಊರೇ ಹಸಿದಿತ್ತು. ಮಕ್ಕಳ ಆಸ್ಪತ್ರೆಯಲ್ಲಿ ಒಂದು ಗುಂಪಿಗೆ ಮಾಮೂಲಿ ಊಟ, ಇನ್ನೊಂದು ಗುಂಪಿಗೆ ಮೀನೆಣ್ಣೆ. ಚಳಿಗಾಲದಲ್ಲಿ ಮೊದಲ ಗುಂಪಿನ ಮಕ್ಕಳಿಗೆ ರಿಕೆಟ್ಸ್ ಬಂತು, ಎರಡನೆಯದಕ್ಕೆ ಬರಲಿಲ್ಲ. ಬೇಸಿಗೆಯಲ್ಲಿ ಎರಡಕ್ಕೂ ಬರಲಿಲ್ಲ. ಬಿಸಿಲಿಗೆ ಮಲಗಿಸಿದರೂ, ದೀಪ ಹಿಡಿದರೂ, ಎಣ್ಣೆ ಕುಡಿಸಿದರೂ ಎಕ್ಸ್‌ರೇಯಲ್ಲಿ ಒಂದೇ ರೀತಿ ವಾಸಿ. ಊಟವೂ ಸರಿ, ಬಿಸಿಲೂ ಸರಿ. ಎರಡೂ ಒಂದೇ ವಸ್ತುವಿಗೆ ಎರಡು ದಾರಿ. 1922ರಲ್ಲಿ ಅಮೆರಿಕದ ಮೆಕಾಲಮ್ ಆ ವಸ್ತುವಿಗೆ ವಿಟಮಿನ್ ಡಿ ಅಂತ ಹೆಸರಿಟ್ಟರು. ಅದೇ ವರ್ಷ ನಮ್ಮ ದೇಶದಿಂದಲೂ ಒಂದು ಸಾಕ್ಷಿ ಬಂತು: ನಾಸಿಕದ ಕಡೆ ಹಚಿಸನ್ ಮತ್ತು ಶಾ ಅನ್ನೋ ವೈದ್ಯರು, ಪರದೆಯೊಳಗೆ ಇದ್ದ ಉಳ್ಳವರ ಮನೆಯ ಹೆಂಗಸರು ಮಕ್ಕಳಲ್ಲಿ ಮೂಳೆ ಮೆದುವಾಗಿರೋದನ್ನೂ, ಹೊಲದಲ್ಲಿ ದುಡಿಯುವ ಬಡವರಲ್ಲಿ ಅದು ಇಲ್ಲದಿರೋದನ್ನೂ ಬರೆದಿಟ್ಟರು. ಬಿಸಿಲಿನ ದೇಶದಲ್ಲಿ ಇದ್ದರೆ ಸಾಲದು, ಬಿಸಿಲಿಗೆ ಬರಬೇಕು.

ಎರಡನೇ ಮಹಾಯುದ್ಧದ ಹೊತ್ತಿಗೆ ಬ್ರಿಟನ್ ಮಾರ್ಗರೀನಿಗೆ, ಮಕ್ಕಳ ಹಾಲಿನ ಪುಡಿಗೆ ವಿಟಮಿನ್ ಡಿ ಬೆರೆಸಿತು, ಸರ್ಕಾರವೇ ಮೀನೆಣ್ಣೆ ಹಂಚಿತು. ರಿಕೆಟ್ಸ್ ಇಳಿಯಿತು. ಅತಿಯೂ ಆಯಿತು: 1950ರ ದಶಕದಲ್ಲಿ ಕೆಲವು ಕೂಸುಗಳ ರಕ್ತದಲ್ಲಿ ಕ್ಯಾಲ್ಸಿಯಂ ವಿಪರೀತ ಏರಿತು, 1957ರಲ್ಲಿ ಬೆರಕೆಯ ಪ್ರಮಾಣ ಇಳಿಸಿದರು. ಈ ಹೆದರಿಕೆ ಅಧಿಕಾರಿಗಳ ಮನಸ್ಸಿನಲ್ಲಿ ಉಳಿದುಬಿಟ್ಟಿತು.

ಇಷ್ಟು ಹೊತ್ತು ಇದು ಅವರ ಕಥೆ. ಇಲ್ಲಿಂದ ನಮ್ಮದು. 1962ರಲ್ಲಿ ಡನ್ನಿಗನ್ ಮತ್ತು ಸಹೋದ್ಯೋಗಿಗಳು ಗ್ಲಾಸ್ಗೋದ ಪಾಕಿಸ್ತಾನಿ ಸಮುದಾಯದಲ್ಲಿ ರಿಕೆಟ್ಸ್ ಮತ್ತು ಆಸ್ಟಿಯೋಮಲೇಷಿಯಾ, ಅಂದ್ರೆ ದೊಡ್ಡವರ ಮೂಳೆ ಮೆದುವಾಗುವ ಕಾಯಿಲೆ, ಇರೋದನ್ನು ವರದಿ ಮಾಡಿದರು. ಮುಗಿದುಹೋಯಿತು ಅಂದುಕೊಂಡಿದ್ದ ಕಾಯಿಲೆ ಅದೇ ಊರಿನಲ್ಲಿ, ಬೇರೆ ಬಣ್ಣದ ಚರ್ಮದ ಕೆಳಗೆ. ಈ ಸಲ ಪುಟ್ಟ ಕೂಸುಗಳು ಮಾತ್ರ ಅಲ್ಲ, ದಿಢೀರನೆ ಎತ್ತರ ಬೆಳೆಯೋ ಹದಿಹರೆಯದವರೂ ಇದ್ದರು. ಆಗ ಮೂಳೆಗೆ ಬೇಡಿಕೆ ಹೆಚ್ಚು, ಸಂಗ್ರಹ ಕಡಿಮೆ. ಕಪ್ಪು ಚರ್ಮಕ್ಕೆ ಅಷ್ಟೇ ವಿಟಮಿನ್ ಡಿ ಮಾಡಿಕೊಳ್ಳಲು ಹೆಚ್ಚು ಹೊತ್ತು ಬಿಸಿಲು ಬೇಕು, ಅದು ಈ ಊರಿನಲ್ಲಿಲ್ಲ.

ಮತ್ತೆ ಹಳೇ ಜಗಳವೇ ಶುರು. 1970ರ ದಶಕದಲ್ಲಿ ಬೆರಳು ತಿರುಗಿದ್ದು ಚಪಾತಿ ಕಡೆ. ಗೋಧಿಯ ಹೊಟ್ಟಿನಲ್ಲಿರುವ ಫೈಟೇಟ್ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತೆ, ಚಪಾತಿ ಬಿಡಿಸಿ ನೋಡೋಣ ಅಂತ ಪ್ರಯೋಗಗಳಾದವು. ಅದರಲ್ಲಿ ಒಂದಿಷ್ಟು ಸತ್ಯವೂ ಇದೆ, ಗ್ಲಾಸ್ಗೋದವರ ಮುಂದಿನ ಅಧ್ಯಯನಗಳಲ್ಲಿ ಸಸ್ಯಾಹಾರ ಒಂದು ಅಪಾಯದ ಅಂಶವಾಗಿ ಕಂಡದ್ದೂ ನಿಜ. ಆದರೆ ಸುಲಭದ ಉಪಾಯ ಎದುರಿಗೇ ಇತ್ತು: ಮಾರ್ಗರೀನಿಗೆ ಬೆರೆಸಿದ ಹಾಗೆ ಚಪಾತಿ ಹಿಟ್ಟಿಗೂ ವಿಟಮಿನ್ ಬೆರೆಸೋದು. 1976ರಲ್ಲಿ ಗ್ಲಾಸ್ಗೋದಲ್ಲೇ ಬೆರೆಸಿ ನೋಡಿದರು, ರಕ್ತದಲ್ಲಿ ಮಟ್ಟ ಏರಿತು. 1980ರ ಸರ್ಕಾರಿ ವರದಿ ಹಿಟ್ಟಿಗೆ ಬೆರೆಸೋದು ಬೇಡ ಅಂದಿತು. ಬದಲಿಗೆ 1981ರಲ್ಲಿ 'ಸ್ಟಾಪ್ ರಿಕೆಟ್ಸ್' ಪ್ರಚಾರ ಬಂತು. ಏಷ್ಯನ್ ಕುಟುಂಬಗಳು ಊಟ ಉಡುಪು ಬದಲಿಸಿಕೊಳ್ಳಲಿ ಅನ್ನೋ ಧಾಟಿ ಅದರಲ್ಲಿದೆ ಅಂತ ಆಗಲೇ ಟೀಕೆ ಬಂದಿತ್ತು. ಬಿಳಿಯ ಮಗುವಿಗೆ ಬಂದಾಗ ಊಟಕ್ಕೆ ವಿಟಮಿನ್ ಬೆರೆಸಿದರು, ಕಂದು ಮಗುವಿಗೆ ಬಂದಾಗ ಊಟವನ್ನೇ ಬೈದರು. ಸ್ವಲ್ಪ ಒರಟಾಗಿ ಹೇಳಿದೆ, ಆದರೆ ದಾಖಲೆಗಳನ್ನು ಓದಿದರೆ ನೀವೂ ಹೀಗೇ ಹೇಳ್ತೀರಿ.

ಅದೇ ಹೊತ್ತಿಗೆ ಗ್ಲಾಸ್ಗೋ ಬೇರೆ ದಾರಿ ಹಿಡಿದಿತ್ತು. 1979ರ ಮಾರ್ಚಿನಿಂದ ಏಷ್ಯನ್ ಮಕ್ಕಳಿಗೆ ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ, ಕೇಳಿದವರಿಗೆಲ್ಲ ಪುಕ್ಕಟೆ. ನಿಮ್ಮ ಊಟ ಸರಿಯಿಲ್ಲ, ಬಟ್ಟೆ ಸರಿಯಿಲ್ಲ ಅನ್ನೋ ಗೊಡವೆಗೆ ಹೋಗಲಿಲ್ಲ. 1985ರಲ್ಲಿ ಫಲಿತಾಂಶ ಪ್ರಕಟವಾಯಿತು: ನಿಯಮಿತವಾಗಿ ತೆಗೆದುಕೊಂಡ ಮಕ್ಕಳಲ್ಲಿ ರಿಕೆಟ್ಸ್ ಇಳಿದಿತ್ತು, ಆಸ್ಪತ್ರೆ ಸೇರುವವರ ಸಂಖ್ಯೆ ಬೇಗನೇ ಕುಸಿದಿತ್ತು.

ಆ 10 ಮೈಕ್ರೋಗ್ರಾಂ, ಅಂದ್ರೆ 400 ಯೂನಿಟ್, ಇವತ್ತಿಗೂ ಯುಕೆಯ ಸಲಹೆ: ಎಲ್ಲರಿಗೂ ಚಳಿಗಾಲದಲ್ಲಿ, ನಮ್ಮಂಥ ಚರ್ಮದವರಿಗೆ ವರ್ಷವಿಡೀ ತೆಗೆದುಕೊಳ್ಳೋದು ಒಳ್ಳೆಯದು ಅಂತ. ಎದೆಹಾಲು ಕುಡಿಯೋ ಕೂಸಿಗೆ ದಿನಕ್ಕೆ 8.5ರಿಂದ 10. ಬೇರೆ ದೇಶದಲ್ಲಿದ್ದರೆ ಅಲ್ಲಿನ ಡಾಕ್ಟರನ್ನು ಕೇಳಿ, ಜಾಸ್ತಿಯಾದರೂ ತೊಂದರೆ ಅನ್ನೋದನ್ನು 1950ರ ಕಥೆಯಲ್ಲಿ ನೋಡಿದಿರಲ್ಲ. ಬಾಣಂತನಕ್ಕೆ ಊರಿಂದ ಬಂದ ಅಮ್ಮ ಕೂಸಿಗೆ ಎಣ್ಣೆ ತೀಡಿ, ಕಿಟಕಿ ಹತ್ತಿರ ಎಳೆಬಿಸಿಲಿಗೆ ಮಲಗಿಸ್ತಾರೆ. ಅವರ ಪ್ರೀತಿಗೆ ಅಡ್ಡಿಯಿಲ್ಲ. ಆದರೆ ಬೇಕಾದ ಕಿರಣವನ್ನು ಗಾಜು ತಡೆಯುತ್ತೆ, ಸೂರ್ಯ ಕೆಳಗಿದ್ದಾಗ ಆ ಕಿರಣವೇ ಇರೋದಿಲ್ಲ. ಬಿಸಿಲಿನ ಜೊತೆ ಆ ಹನಿಯೂ ಇರಲಿ.

ಇನ್ನೊಂದು ವಿಷಯ. ಈ ಹನಿಗಳನ್ನು ನಮ್ಮಲ್ಲಿ ಬಹಳ ಮನೆಗಳಲ್ಲಿ ಮಗು ಶಾಲೆಗೆ ಸೇರುವ ಹೊತ್ತಿಗೆ ನಿಲ್ಲಿಸಿಬಿಡ್ತಾರೆ, ಫ್ರಿಜ್ ಮೇಲೆ ಎಲ್ಲೋ ಬಾಟಲಿ ಉಳಿದಿರುತ್ತೆ. 1962ರ ಆ ವರದಿಯಲ್ಲಿದ್ದ ಹದಿಹರೆಯದವರ ವಯಸ್ಸಿಗೆ ನಿಮ್ಮ ಮಗಳು ಬರ್ತಿದ್ದರೆ, ಅವಳಿಗೆ ಕಾಲು ನೋವು, ಮೆಟ್ಟಿಲು ಹತ್ತೋಕೆ ಆಗ್ತಿಲ್ಲ ಅಂತ ಹೇಳ್ತಿದ್ದರೆ, ಜಿಪಿ ಹತ್ತಿರ ಹೋದಾಗ ರಕ್ತದ ವಿಟಮಿನ್ ಡಿ ಮಟ್ಟ ನೋಡಬೇಕಾ ಅಂತ ಕೇಳಿ. ಗ್ರೋತ್ ಪ್ಲೇಟ್ ಇನ್ನೂ ತೆರೆದಿರೋ ವಯಸ್ಸು ಅದು.